ಹೊರಗಿನವರ ಹತ್ತು ಚೀಟಿ

ವಾಯ್ಸ್ ನೋಟ್. ಕೆಂಟ್, ವಾಷಿಂಗ್ಟನ್.
ಭಾನುವಾರ, 19 ಜನವರಿ 2025

ರಜನಿ ಮೇಡಂ, ನಾನು ಕಲ್ಮೇಶ್. ನೀವು ಇದನ್ನ ಕೇಳೋದು ಶನಿವಾರ, ಬೆಟ್ಟ ಇಳಿದು ಲೈಬ್ರರಿಗೆ ಬಂದು ಫೋನಿಗೆ ವೈಫೈ ಸಿಕ್ಕಿದ್ಮೇಲೆ ಅಂತ ಗೊತ್ತು. ಅದಕ್ಕೇ ಅವಸರ ಇಲ್ದೆ ಮಾತಾಡ್ತೀನಿ. "ಈ ಕಲ್ಮೇಶನ ಬಾಯಿ ಅಳೆಯೋಕೆ ಯಾವ ಗೇಜೂ ಸಾಲಲ್ಲ" ಅಂತ ನೀವು ಇನ್‌ಸ್ಪೆಕ್ಷನ್ ರೂಮಲ್ಲಿ ಹೇಳಿದ್ದನ್ನ ಹುಡುಗ್ರು ಇನ್ನೂ ಹೇಳ್ಕೊಂಡು ನಗ್ತಾರೆ. ನೀವು ಕೆಲಸ ಬಿಟ್ಟು ಮೊಂಟಾನಾಕ್ಕೆ ಹೋಗಿ ಆರು ವರ್ಷ. ನಿಮ್ಮ ಕುರ್ಚಿಗೆ ಮೂರು ಜನ ಬಂದು ಹೋದ್ರು. ನಿಮ್ಮಂಗೆ ವಿಮಾನದ ರೆಕ್ಕೆಯ ಬೋಲ್ಟನ್ನ ಬೆಳಕಿಗೆ ಹಿಡಿದು, ಅದರ ಜೊತೆ ಮಾತಾಡೋ ಥರ ನೋಡೋರು ಒಬ್ರೂ ಬರ್ಲಿಲ್ಲ.

ಕಾರಲ್ಲಿ ಕೂತಿದೀನಿ, ಗೋಡೌನ್ ಹಿಂದ್ಗಡೆ, ನದಿ ಪಕ್ಕ. ಮನೇಲಿ ಮಾತಾಡಿದ್ರೆ ಸುಪ್ರಿಯಾ ಕೇಳಿಸ್ಕೋತಾಳೆ. ಹೆಂಡತಿಗೆ ಕೇಳಿಸಬಾರದಂಥದ್ದೇನೂ ಇಲ್ಲ, ಆದ್ರೂ.

ಮೊನ್ನೆ ನನಗೆ ಐವತ್ತು ತುಂಬ್ತು. ಸುಪ್ರಿಯಾ ಕೇಕ್ ಮೇಲೆ ಎಲ್ಕ್ ಬರೆಸಿದ್ಲು. ಬೇಕರಿಯವ್ರು ಬರೆದಿದ್ದು ಕೊಂಬಿರೋ ನಾಯಿ. ಅಪ್ಪ ಅದನ್ನ ಮೂಗಿನ ಹತ್ರ ಹಿಡ್ಕೊಂಡು, "ಇದೇನಲೇ ತಮ್ಮಾ, ಕಡವಿ ಏನು?" ಅಂದ್ರು. ಕಡವೆಗಿಂತ ದೊಡ್ಡದಪ್ಪ ಅಂದೆ. ಅವರ ಕಣ್ಣು ಹೋಗ್ತಾ ಇದೆ ಮೇಡಂ. ಗ್ಲಾಕೋಮಾ. ಈ ವರ್ಷ ಕಂಡಿದ್ದು ಮುಂದಿನ ವರ್ಷ ಕಾಣುತ್ತೆ ಅಂತ ಹೇಳೋಕಾಗಲ್ಲ ಅಂದ್ರು ಡಾಕ್ಟರು.

ನಿಮಗೆ ಹೇಳಿದ್ದೀನಲ್ಲ, ಅವರು ಹುಡುಗ್ರಾಗಿದ್ದಾಗ ಸುರಪುರದ ಗುಡ್ಡದಲ್ಲಿ ನಮ್ಮಜ್ಜನ ಜೊತೆ ಬೇಟೆಗೆ ಹೋಗ್ತಿದ್ರು. ಆಮೇಲೆ ಕಾನೂನು ಬಂತು, ಅಜ್ಜ ಬಂದೂಕು ಒಯ್ದು ಠಾಣೇಲಿಟ್ಟು ಬಂದ್ರು, ಮುಗೀತು. ನಾಯಕರ ಮನೆ ಹುಡುಗ ನಲವತ್ತನೇ ವಯಸ್ಸಲ್ಲಿ ಮೈಸೂರು ಸರಸ್ವತಿಪುರಂ ಹೆಂಗಸಿನ ಹತ್ರ, ಅಂದ್ರೆ ನಿಮ್ಮ ಹತ್ರ, ಬೇಟೆ ಕಲಿತ ಅಂತ ಹೇಳಿದಾಗ ಅಪ್ಪ ಅರ್ಧ ಗಂಟೆ ನಕ್ಕಿದ್ರು. ಈಗ ನಾನು ಎಲ್ಕ್ ಹೊಡೆಯೋದನ್ನ ಅವರು ಒಂದ್ಸಲ ನೋಡ್ಬೇಕು. ನಮ್ಮ ವಾಷಿಂಗ್ಟನ್ನಲ್ಲಿ ಟ್ಯಾಗ್ ಸಿಗುತ್ತೆ, ಎಲ್ಕ್ ಸಿಗಲ್ಲ. ಬರೀ ಮರ, ಎದುರಿಗೆ ನಿಂತ್ರೂ ಕಾಣಲ್ಲ. ನಿಮ್ಮಲ್ಲಾದ್ರೆ ನಿಮ್ಮ ಅಂಗಳದಲ್ಲೇ ಅಪ್ಪನ್ನ ಕುರ್ಚಿ ಹಾಕಿ ಕೂರಿಸಿ ಬೈನಾಕ್ಯುಲರ್ ಕೊಟ್ರೆ ಇಡೀ ದಿಣ್ಣೆ ಕಾಣುತ್ತೆ.

ಆದ್ರೆ ನಿಮ್ಮ ದಿಣ್ಣೆಗೆ ಲಾಟರಿ. ನಾವಿಬ್ರೂ ಒಟ್ಟಿಗೆ ಅರ್ಜಿ ಹಾಕಕ್ಕೆ ಶುರು ಮಾಡಿ ಒಂಬತ್ತು ವರ್ಷ. ನೀವು ಅಲ್ಲೇ ಹೋಗಿ ಒಳಗಿನವರಾದ್ರಿ, ನಾನು ಹೊರಗಿನವನಾಗೇ ಉಳಿದೆ. ಅಪ್ಪನಿಗೆ ಲೆಕ್ಕ ವಿವರಿಸಿದೆ: ಟ್ಯಾಗ್ ಅಂದ್ರೆ ಬೇಟೆಗೆ ಸರ್ಕಾರ ಕೊಡೋ ಚೀಟಿ, ಒಂದು ಟ್ಯಾಗಿಗೆ ಒಂದು ಪ್ರಾಣಿ, ನೂರು ಟ್ಯಾಗಿದ್ರೆ ಹೊರ ರಾಜ್ಯದವ್ರಿಗೆ ಹತ್ತರ ಮೇಲೆ ಇಲ್ಲ. ಆ ಹತ್ತಕ್ಕೆ ದೇಶವೆಲ್ಲ ಕೈ ಚಾಚುತ್ತೆ. ಕಾಡು ಫೆಡರಲ್ ಸರ್ಕಾರದ್ದು, ನನ್ನ ಟ್ಯಾಕ್ಸೂ ಅದಕ್ಕೆ ಹೋಗುತ್ತೆ. ಎಲ್ಕಿಗೆ ಮಾತ್ರ ರಾಜ್ಯದ ಪಾಸ್‌ಪೋರ್ಟು. ಇದು ನ್ಯಾಯಾನಾ?

ಅದಕ್ಕೆ ಒಂದು ಮಾತು. ಈ ಸಲ ನಿಮ್ಮ ಮನೆ ಅಡ್ರೆಸ್ ಹಾಕ್ಲಾ? ಕೇರ್ ಆಫ್ ರಜನಿ. ನಾನು ಪಿಯುಸಿ ಓದಿದ್ದು ಸೋದರಮಾವನ ಅಡ್ರೆಸ್ಸಲ್ಲಿ, ಗ್ಯಾಸ್ ತಗೊಂಡಿದ್ದು ಓನರ್ ಅಡ್ರೆಸ್ಸಲ್ಲಿ. ನಮ್ಮವ್ರಿಗೆ ಇದೇನು ಹೊಸದಲ್ಲ. ಯೋಚನೆ ಮಾಡಿ ಹೇಳಿ.

*

ರಜನಿ,
ಮರದ ಗೇಟಿನ ಮನೆ, ಹಳೇ ಗಿರಣಿ ರಸ್ತೆ,
ವಿಲೋ ಬೆಂಡ್, ಮೊಂಟಾನಾ.
8 ಫೆಬ್ರವರಿ 2025

ಪ್ರಿಯ ಕಲ್ಮೇಶ್,

ನಿನ್ನ ಮಾತನ್ನು ಲೈಬ್ರರಿಯ ಮಕ್ಕಳ ಮೂಲೆಯಲ್ಲಿ ಕುಳಿತು ಎರಡು ಸಲ ಕೇಳಿದೆ. ಕೊಂಬಿನ ನಾಯಿಗೆ ನಾನು ನಕ್ಕದ್ದಕ್ಕೆ ಒಂದು ಮಗು ಹೆದರಿತು. ನಿನ್ನ ತಂದೆಯವರ ಕಣ್ಣಿನ ವಿಷಯ ಕೇಳಿ ಬೇಸರವಾಯಿತು. ಔಷಧಿಯ ಹನಿಯನ್ನು ಹೊತ್ತು ತಪ್ಪದೆ ಹಾಕಿ.

ಇಲ್ಲಿ ಮೊಣಕಾಲುದ್ದ ಹಿಮ. ನಲವತ್ತರಷ್ಟು ಎಲ್ಕ್‌ಗಳು ಕೆಳಗಿಳಿದು ಪಕ್ಕದ ಮನೆಯ ವರ್ನ್ ದನಗಳಿಗೆಂದು ಕೂಡಿಟ್ಟ ಹುಲ್ಲನ್ನು ತಿನ್ನುತ್ತಿವೆ. ವರ್ನ್‌ಗೆ ಎಪ್ಪತ್ತಾರು. ಬೆಳಿಗ್ಗೆ ಎದ್ದು ಅವುಗಳನ್ನು ಬೈಯುತ್ತಾನೆ, ಓಡಿಸುವುದಿಲ್ಲ.

ಇಲ್ಲಿಗೆ ಬಂದ ಮೊದಲ ವರ್ಷ ನನಗೆ ಇಲ್ಲಿನವಳೆನಿಸಿಕೊಳ್ಳಲು ಬೇಕಾದ ನೂರ ಎಂಬತ್ತು ದಿನದ ವಾಸ ತುಂಬಲು ಹನ್ನೊಂದು ದಿನ ಕಡಿಮೆಯಿತ್ತು. ಆ ಬೇಟೆಯ ಕಾಲವೆಲ್ಲ ನಾನು ಬಂದೂಕಿಲ್ಲದೆ, ವರ್ನ್‌ನ ಹಿಂದೆ ಹಗ್ಗ ಹೊತ್ತು ನಡೆದೆ. ಈ ಬೆಟ್ಟದ ಬಗ್ಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲನ್ನು ಆಗಲೇ ಕಲಿತದ್ದು.

ಸುಪ್ರಿಯಾಗೆ ನನ್ನ ನೆನಪು ತಿಳಿಸು.

ನಿನ್ನ,
ರಜನಿ

*

ವಾಯ್ಸ್ ನೋಟ್. ಕೆಂಟ್.
ಭಾನುವಾರ, 2 ಮಾರ್ಚ್ 2025

ಮೇಡಂ, ಅರ್ಥ ಆಯ್ತು. ಕಾಗದ ಬಂದ ದಿನ ಅರ್ಥ ಆಗಿರ್ಲಿಲ್ಲ. ಅಡ್ರೆಸ್ ಬಗ್ಗೆ ಒಂದಕ್ಷರ ಬರೆದಿಲ್ವಲ್ಲ ಅಂತ ಎರಡು ವಾರ ಒದ್ದಾಡಿದೆ. ನಿನ್ನೆ ಮತ್ತೆ ತೆಗೆದು ನೋಡ್ತೀನಿ, ಮೇಲ್ಗಡೆ ಪೂರ್ತಿ ಅಡ್ರೆಸ್, ರಸ್ತೆ ಹೆಸರು ಸಮೇತ. ನನಗೆ ಗೊತ್ತಿರೋ ಅಡ್ರೆಸ್ಸನ್ನ ನೀವ್ಯಾಕೆ ಮತ್ತೆ ಬರೀತೀರಿ? ಮೈಸೂರವ್ರು ಬಾಯ್ಬಿಟ್ಟು ಹೂಂ ಅನ್ನಲ್ಲ. ನೀವು ಯಾವಾಗ್ಲೂ ಹಾಗೇ, ಉತ್ತರ ಎದುರಿಗೇ ಇಟ್ಟು ನಾವೇ ಕಂಡ್ಕೊಳ್ಲಿ ಅಂತ ಸುಮ್ನಿರೋರು. ನಿಮ್ಮ ದೊಡ್ಡತನಕ್ಕೆ ಏನ್ ಹೇಳ್ಲಿ.

ಆ ಹನ್ನೊಂದು ದಿನದ ಕಥೇನೂ ಚೆನ್ನಾಗಿತ್ತು. ನೀವೂ ಕಷ್ಟಪಟ್ಟಿದ್ದೀರಿ, ಅದಕ್ಕೇ ನನ್ನ ಕಷ್ಟ ನಿಮಗೆ ಗೊತ್ತು.

ಈಗ ಕೆಲಸದ ಮಾತು. ಅವರು ವಾಸದ ಪುರಾವೆ ಕೇಳ್ತಾರೆ. ನಿನ್ನೆ ಪೋಸ್ಟಲ್ಲಿ ಬ್ರೌನ್ ಕವರ್ ಕಳಿಸಿದೀನಿ. ಒಳಗೆ ಬಾಡಿಗೆ ಕರಾರು ಇದೆ, ಹೋದ ಸೆಪ್ಟೆಂಬರಿಂದ, ಹನ್ನೊಂದು ತಿಂಗಳಿಗೆ. ಕೈ ತಾನಾಗೇ ಹನ್ನೊಂದು ಅಂತ ಟೈಪ್ ಮಾಡ್ತು, ಬೆಂಗಳೂರಿನ ಅಭ್ಯಾಸ. ನಿಮ್ಮ ಹಿಂದಿನ ರೂಮು ನನಗೆ ಬಾಡಿಗೆ ಕೊಟ್ಟಿದೀರಿ ಅಂತ. ಮೂರು ಕಡೆ ಹಳದಿ ಬಾಣ ಅಂಟಿಸಿದೀನಿ, ಅಲ್ಲಲ್ಲಿ ಸಹಿ ಹಾಕಿ ಕಳಿಸಿಬಿಡಿ. ಅರ್ಜಿಗೆ ಏಪ್ರಿಲ್ ಒಂದಕ್ಕೆ ಕೊನೆ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಟ್ಯಾಗ್ ಕೈಗೆ ಬಂದ್ಮೇಲೆ ಹೇಳೋಣ ಅಂತ.

*

ರಜನಿ,
ಮರದ ಗೇಟಿನ ಮನೆ, ಹಳೇ ಗಿರಣಿ ರಸ್ತೆ,
ವಿಲೋ ಬೆಂಡ್, ಮೊಂಟಾನಾ.
4 ಮಾರ್ಚ್ 2025

ಪ್ರಿಯ ಕಲ್ಮೇಶ್,

ಹೋದ ಶನಿವಾರ ಊರಿಗೆ ಇಳಿಯಲಾಗಲಿಲ್ಲ. ನೀನು ಏನಾದರೂ ಮಾತಾಡಿ ಕಳಿಸಿದ್ದರೆ ಮುಂದಿನ ವಾರ ಕೇಳುತ್ತೇನೆ. ಮನೆಯಿಂದ ರಸ್ತೆಯವರೆಗಿನ ಹಿಮವನ್ನು ಈಗ ನಾನೇ ಸಲಿಕೆಯಿಂದ ತೆಗೆಯುತ್ತಿದ್ದೇನೆ. ವ್ಯಾಯಾಮಕ್ಕೆ ಒಳ್ಳೆಯದು.

ನಿನಗೊಂದು ವಿಷಯ ಹೇಳಬೇಕು. ಫೆಬ್ರವರಿ ಕೊನೆಗೆ ನಮ್ಮ ಕಣಿವೆಯ ಬೇಟೆಗಾರರ ಸಂಘದ ಸಭೆಯಿತ್ತು. ಹೊರಗಿನವರ ಪಾಲನ್ನು ಹತ್ತರಿಂದ ಐದಕ್ಕೆ ಇಳಿಸಿ ಎಂದು ರಾಜ್ಯಕ್ಕೆ ಬರೆಯೋಣ ಎಂದು ವರ್ನ್ ಠರಾವು ತಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ವರ್ಷವಿಡೀ ಈ ಚಳಿಯಲ್ಲಿದ್ದು, ಎಲ್ಕ್ ಮುರಿದ ಬೇಲಿ ಕಟ್ಟಿ, ಅವಕ್ಕೆ ಹುಲ್ಲು ಕಳೆದುಕೊಂಡು ಕೂರುವವರು ಇಲ್ಲಿನವರು. ಅವರ ಮಕ್ಕಳಿಗೇ ಚೀಟಿ ಬರುವುದಿಲ್ಲ. ಹೊರಗಿನವರು ಅಕ್ಟೋಬರಿನಲ್ಲಿ ಬಂದು ನವೆಂಬರಿನಲ್ಲಿ ಹೋಗುತ್ತಾರೆ, ಅದರಲ್ಲಿ ಅರ್ಧ ಜನ ಸುಳ್ಳು ವಿಳಾಸ ಕೊಟ್ಟು ಒಳಗಿನವರ ಪಾಲನ್ನೂ ತಿನ್ನುತ್ತಾರೆ ಎಂದ.

ನಾನು ಎದ್ದು ನಿಂತೆ. ಕೆಂಟ್‌ನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ ಎಂದೆ. ಒಂಬತ್ತು ವರ್ಷದಿಂದ ಹೊರಗಿನವರ ಸಾಲಿನಲ್ಲೇ ನಿಂತಿದ್ದಾನೆ, ಚೀಟಿ ಒಮ್ಮೆಯೂ ಬಂದಿಲ್ಲ, ಒಮ್ಮೆಯೂ ಅಡ್ಡದಾರಿ ಹಿಡಿದಿಲ್ಲ. ಅಂಥವನಿಗೆ ನಾವು ಬಾಗಿಲನ್ನು ಇನ್ನಷ್ಟು ಕಿರಿದು ಮಾಡುವುದು ಸರಿಯೇ ಎಂದೆ. ನಿನ್ನ ಹೆಸರು ಹೇಳಿದೆ. ಅವರಿಗೆ ಉಚ್ಚರಿಸಲು ಬರಲಿಲ್ಲ, ಆದರೆ ಬರೆದುಕೊಂಡರು. ಕೈ ಎತ್ತಿದಾಗ ವಿರುದ್ಧ ಎದ್ದದ್ದು ನನ್ನದೊಂದೇ. ಆದರೂ ಒಬ್ಬರ ವಿರೋಧವಿದ್ದರೂ ಇನ್ನೊಮ್ಮೆ ಚರ್ಚಿಸಬೇಕೆಂಬ ಸಂಘದ ನಿಯಮದಿಂದ ಅಂತಿಮ ಮತ ಮಾರ್ಚ್ 22ಕ್ಕೆ ಹೋಯಿತು.

ಜನವರಿಯಲ್ಲಿ ನೀನು ಕೇಳಿದ್ದಕ್ಕೆ ನಾನು ನೇರವಾಗಿ ಉತ್ತರಿಸಲಿಲ್ಲ. ಹನ್ನೊಂದು ದಿನದ ಕಥೆ ಸಾಕಾಗುತ್ತದೆ ಅಂದುಕೊಂಡೆ. ಸಾಕಾಯಿತಲ್ಲವೇ?

ನಿನ್ನ,
ರಜನಿ

*

ವಾಯ್ಸ್ ನೋಟ್. ಕೆಂಟ್.
ಭಾನುವಾರ, 9 ಮಾರ್ಚ್ 2025

ಮೇಡಂ. ಆ ಬ್ರೌನ್ ಕವರ್ ತೆಗೀಬೇಡಿ. ತೆಗೆದಿದ್ರೆ ಓದ್ಬೇಡಿ. ಓದಿದ್ರೆ... ಸರಿ, ಓದಿರ್ತೀರಿ.

ನಿಮ್ಮ ಕಾಗದ ನಿನ್ನೆ ಬಂತು. ಅಡುಗೆಮನೇಲಿ ನಿಂತು ಓದಿದೆ. ಸುಪ್ರಿಯಾ ದೋಸೆ ಹುಯ್ತಾ ಇದ್ಲು, "ಯಾಕೆ ಮುಖ ಹಂಗಾಯ್ತು?" ಅಂದ್ಲು. ಎಲ್ಲ ಹೇಳಿದೆ. ಅವಳು ದೋಸೆ ತಿರುವಿ ಹಾಕಿ, "ನಿಕಿತಾ ಸೀಟು ಹೋದಾಗ ಏನೇನ್ ಮಾತಾಡಿದ್ರಿ, ನೆನಪಿದ್ಯಾ?" ಅಂತ ಅಷ್ಟೇ ಕೇಳಿದ್ಲು.

ನಿಕಿತಾ ನಮ್ಮಕ್ಕ ಶರಣವ್ವನ ಮಗಳು. ನಮ್ಮ ಕಡೆ ಮಕ್ಕಳಿಗೆ ಅಂತ ಮೆಡಿಕಲ್ಲಲ್ಲಿ ಸ್ಥಳೀಯರ ಕೋಟಾ ಇದೆಯಲ್ಲ, ಅದರಲ್ಲಿ ಅವಳಿಗೆ ಒಂದೇ ಒಂದು ರ‍್ಯಾಂಕಲ್ಲಿ ಸೀಟು ತಪ್ಪಿತು. ಅವಳಿಗಿಂತ ಮುಂದಿದ್ದ ಒಬ್ಬ ಹುಟ್ಟಿ ಬೆಳೆದಿದ್ದೆಲ್ಲ ಬೇರೆ ಊರಲ್ಲಿ, ಚಿಕ್ಕಪ್ಪನ ಮನೆ ಅಡ್ರೆಸ್ಸಲ್ಲಿ ಸರ್ಟಿಫಿಕೇಟ್ ಮಾಡಿಸಿದ್ದ. ನಾನು ಒಂದು ವರ್ಷ ಫ್ಯಾಮಿಲಿ ಗ್ರೂಪಲ್ಲಿ ಬೆಂಕಿ ಕಾರಿದೆ. "ನಮ್ಮ ತಟ್ಟೆಯಿಂದ ಕದ್ದ" ಅಂತ ಬರೆದೆ. ಅದೇ ನಾನು, ಮೂರು ಹಳದಿ ಬಾಣ ಅಂಟಿಸಿ ನಿಮಗೆ ಕಳಿಸಿದೀನಿ. ಎರಡೂ ಒಂದೇ ಅಂತ ನನಗೆ ಒಂದು ಕ್ಷಣಾನೂ ಹೊಳೀಲಿಲ್ಲ ನೋಡಿ. ಅದೇ ನನಗೆ ಹೆದರಿಕೆ.

ಇನ್ನೊಂದು ಅದಕ್ಕಿಂತ ಕೆಟ್ಟದ್ದು. ನಾನು ಸೇರಿದ ಮೊದಲ ವಾರ ನೀವು ಹೇಳಿದ್ರಿ: "ಅಳತೆ ಮಾಡದೆ ಸಹಿ ಹಾಕ್ಬೇಡ, ಆ ಸಹಿ ಮೇಲೆ ಇನ್ನೂರು ಜನ ಕೂತು ಹಾರ್ತಾರೆ." ನಾನು ನಿಮ್ಮ ಸಹಿಯನ್ನೇ ಸುಳ್ಳಿಗೆ ಕೇಳಿದೆ.

ಅಪ್ಪನಿಗೂ ಹೇಳಿದೆ. ನಾನು ನ್ಯಾಯ ಅನ್ಯಾಯ ಅಂತ ಶುರು ಮಾಡಿದೆ, ಹತ್ತು ಕಮ್ಮಿ ಆಯ್ತು ಅಂತ. ಅವರು, "ನಮ್ಮ ಬ್ಯಾಟಿಗೂ ಬ್ಯಾರೆ ಊರವ್ರು ಬರ್ತಿದ್ರು ತಮ್ಮಾ. ಪಾಲು ಕೊಡ್ತಿದ್ವಿ. ಆದ್ರ ಕೊಟ್ಟಷ್ಟು ತಗೋಬೇಕು. ನಾನೂ ಇದೇ ಊರವ ಅಂತ ಸುಳ್ಳು ಹೇಳಿ ಕೇಳಿದವಗ ನಿಮ್ಮಜ್ಜ ನೀರೂ ಕೊಡ್ತಿದ್ದಿಲ್ಲ" ಅಂದ್ರು.

ಹೊರಗಿನವನಾಗೇ ಅರ್ಜಿ ಹಾಕಿದೆ ಇವತ್ತು ಬೆಳಿಗ್ಗೆ. ಹತ್ತನೇ ಸಲ. ನೀವು ನನ್ನ ಹೆಸರು ಅಷ್ಟು ಜನರ ಮುಂದೆ ಹೇಳಿದ್ರಿ. ಅದಕ್ಕೆ ನಾನು ತಕ್ಕವನಲ್ಲ ಅಂತ ನಿಮಗೊಬ್ರಿಗಾದ್ರೂ ಗೊತ್ತಿರ್ಲಿ.

*

ರಜನಿ,
ಮರದ ಗೇಟಿನ ಮನೆ, ಹಳೇ ಗಿರಣಿ ರಸ್ತೆ,
ವಿಲೋ ಬೆಂಡ್, ಮೊಂಟಾನಾ.
16 ಮಾರ್ಚ್ 2025

ಪ್ರಿಯ ಕಲ್ಮೇಶ್,

ಕವರನ್ನು ಆರನೆಯ ತಾರೀಖೇ ತೆಗೆದಿದ್ದೆ. ನಿನ್ನ ಎರಡೂ ಮಾತುಗಳನ್ನು ಕೇಳುವ ಮೊದಲೇ ಕರಾರು ಓದಿದೆ. ಮೊದಲು ಸಿಟ್ಟು ಬಂತು. ವಿಳಾಸವನ್ನು ನಾನು ಶಾಲೆಯಲ್ಲಿ ಕಲಿಸಿದ ಹಾಗೆ ಬರೆಯುತ್ತೇನೆ, ಕಲ್ಮೇಶ್. ಬ್ಯಾಂಕಿಗೆ ಬರೆದರೂ ಬಲಗಡೆ ಮೇಲೆ ಅದೇ ಇರುತ್ತದೆ.

ಆಮೇಲೆ ಆದದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಿನ್ನ ತಂದೆ ನನ್ನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು. ಪೆನ್ನು ತೆಗೆದೆ. ಮೊದಲ ಬಾಣದ ಹತ್ತಿರ ನನ್ನ ಹೆಸರಿನ ಮೊದಲ ಅಕ್ಷರ ಬರೆದೂಬಿಟ್ಟೆ. ಅಲ್ಲಿಗೆ ನಿಲ್ಲಿಸಿ ಅದನ್ನು ಒಲೆಗೆ ಹಾಕಿದೆ. ಹಾಗಾಗಿ ತಕ್ಕವನು, ತಕ್ಕವನಲ್ಲ ಎನ್ನುವ ಮಾತು ಬೇಡ. ಒಂದಕ್ಷರದಷ್ಟು ನಾನೂ ನಿನ್ನ ಜೊತೆಗಿದ್ದೆ.

ಆದರೆ ಸಭೆಯಲ್ಲಿ ನಾನು ಹೇಳಿದ ಮಾತು ಈಗ ಪೂರ್ತಿ ನಿಜವಲ್ಲ. ಅಳತೆ ತಪ್ಪಿದ ಮೇಲೆ ವರದಿ ತಿದ್ದಬೇಕು. 22ರಂದು ನಿನ್ನ ಒಂಬತ್ತನೆಯ ತಾರೀಖಿನ ಮಾತನ್ನು ಅವರಿಗೆ ಕೇಳಿಸಲೇ? ಇದರಿಂದ ನಾವು ಸೋಲಬಹುದು. ಬೇಡವೆಂದರೆ ನನ್ನ ಭಾಗವನ್ನಷ್ಟೇ ಹೇಳುತ್ತೇನೆ.

ನಿನ್ನ,
ರಜನಿ

*

ವಾಯ್ಸ್ ನೋಟ್. ಕೆಂಟ್.
ಬುಧವಾರ, 19 ಮಾರ್ಚ್ 2025

ಕೇಳಿಸಿ ಮೇಡಂ. ಪೂರ್ತಿ ಕೇಳಿಸಿ, ದೋಸೆ ಸಮೇತ.

*

ರಜನಿ,
ಮರದ ಗೇಟಿನ ಮನೆ, ಹಳೇ ಗಿರಣಿ ರಸ್ತೆ,
ವಿಲೋ ಬೆಂಡ್, ಮೊಂಟಾನಾ.
23 ಮಾರ್ಚ್ 2025

ಪ್ರಿಯ ಕಲ್ಮೇಶ್,

ನಿನ್ನೆ ಇಪ್ಪತ್ತೈದು ಜನರಿದ್ದರು. ಸದ್ದು ಹೆಚ್ಚಲಿ ಎಂದು ಫೋನನ್ನು ಸಂಘದ ಸ್ಟೀಲ್ ಬೋಗುಣಿಯಲ್ಲಿ ಇಟ್ಟೆ. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದೆ. ಮೊದಮೊದಲು ಕೆಮ್ಮು, ಕುರ್ಚಿ ಎಳೆಯುವ ಸದ್ದು. ನಿಕಿತಾಳ ಸೀಟಿನ ಮಾತು ಬರುವ ಹೊತ್ತಿಗೆ, ನಾನು ಅನುವಾದಿಸುವ ಮೊದಲೇ ಅವರು ಬೋಗುಣಿಯನ್ನು ನೋಡುತ್ತಿದ್ದರು. ದೋಸೆ ಎಂದರೇನು ಎಂದು ಒಬ್ಬ ಕೇಳಿದ. ಹೇಳಿದೆ. ನನ್ನ ಒಂದಕ್ಷರದ ವಿಷಯವನ್ನೂ ಹೇಳಿ ಕುಳಿತೆ.

ಆಮೇಲೆ ವರ್ನ್ ಎದ್ದ. "ನನ್ನ ಅಣ್ಣನ ಮಗ ಟೆಕ್ಸಾಸ್‌ಗೆ ಹೋಗಿ ನಾಲ್ಕು ವರ್ಷ ಆಯ್ತು. ಈ ವರ್ಷದ ಅರ್ಜಿಗೆ ನನ್ನ ಅಡ್ರೆಸ್ ಹಾಕ್ಕೋ ಅಂತ ಕ್ರಿಸ್ಮಸ್‌ನಲ್ಲಿ ನಾನೇ ಹೇಳಿದ್ದೆ. ಹುಟ್ಟಿದ ಮಣ್ಣು, ಅದರಲ್ಲೇನು ಅಂತ. ಸುಳ್ಳು ಅಡ್ರೆಸ್ಸಿನವರನ್ನ ಫೆಬ್ರವರಿಯಲ್ಲಿ ಇಲ್ಲೇ ನಿಂತು ಬೈದೆ. ಅವನು ಅವರಲ್ಲೊಬ್ಬ ಅಂತ ನನಗೆ ಅನ್ನಿಸಲೇ ಇಲ್ಲ" ಎಂದ. ನಿಂತೇ ಇದ್ದ. "ಐದೇ ಸಾಕು ಅನ್ನೋದು ಈಗಲೂ ನನ್ನ ಅಭಿಪ್ರಾಯ. ಆದರೆ ಮೊದಲು ನಮ್ಮ ಪಾಲಿನ ತೊಂಬತ್ತರಲ್ಲಿ ಸುಳ್ಳೆಷ್ಟು ಅಂತ ಎಣಿಸಿಕೊಳ್ಳೋಣ" ಎಂದು ಕುಳಿತ.

ಮತ ಹಾಕಿದೆವು. ಹದಿನಾಲ್ಕಕ್ಕೆ ಹನ್ನೊಂದು. ಸೋತೆವು. ಸಂಘ ರಾಜ್ಯಕ್ಕೆ ಪತ್ರ ಬರೆಯುತ್ತದೆ. ರಾಜ್ಯ ಏನು ಮಾಡುತ್ತದೋ, ಈ ವರ್ಷವಂತೂ ಹತ್ತೇ. ಫೆಬ್ರವರಿಯಲ್ಲಿ ಒಂದಿದ್ದ ಕೈ ಹನ್ನೊಂದಾಯಿತು. ಹತ್ತು ಕೈಗಳನ್ನು ಎತ್ತಿಸಿದ್ದು ನಿನ್ನ ಬಾಯಿ.

ವರ್ನ್ ನಿನ್ನ ಫೋನ್ ನಂಬರ್ ಕೇಳಿದ, ಕೊಟ್ಟಿದ್ದೇನೆ. ಯಾಕೆಂದು ಹೇಳಲಿಲ್ಲ.

ನಿನ್ನ,
ರಜನಿ

*

ವಾಯ್ಸ್ ನೋಟ್. ಕೆಂಟ್.
ಗುರುವಾರ, 17 ಏಪ್ರಿಲ್ 2025

ಮೇಡಂ, ವರ್ನ್ ಫೋನ್ ಮಾಡಿದ್ದನ್ನ ನಿಮಗೆ ಹೇಳೋಕೆ ರಿಸಲ್ಟ್ ಬರ್ಲಿ ಅಂತ ಕಾದೆ.

ಮಾರ್ಚ್ ಕೊನೇಲಿ, ಲಂಚ್ ಟೈಮಲ್ಲಿ ಮಾಡಿದ್ರು. "ಬೋಗುಣಿಯೊಳಗಿನ ಮನುಷ್ಯ ನೀನೇನಾ?" ಅಂದ್ರು. ಹೌದು ಸರ್ ಅಂದೆ. "ಸರ್ ಬೇಡ. ಫೆಬ್ರವರಿ ಮೀಟಿಂಗ್ ಆದ್ಮೇಲೆ ನಾನು ರಜನಿ ಮನೆ ದಾರಿಗೆ ಟ್ರ್ಯಾಕ್ಟರ್ ಹೊಡೆಯೋದು ನಿಲ್ಲಿಸಿದ್ದೆ. ನಾಲ್ಕು ವಾರ ಅವಳು ಸಲಿಕೆಯಲ್ಲೇ ಹಿಮ ತೆಗೆದಳು. ನಿನಗೆ ಹೇಳಿರ್ತಾಳೆ" ಅಂದ್ರು. ವ್ಯಾಯಾಮ ಅಂತ ಬರೆದಿದ್ರು ಅಂದೆ. "ಅವಳು ಬಯ್ದಿದ್ರೆ ನನಗೆ ಸುಲಭ ಆಗ್ತಿತ್ತು" ಅಂದ್ರು. ನನಗೂ ಅಷ್ಟೇ ಅಂದೆ. ನಿಮ್ಮ ಬಗ್ಗೆ ಹತ್ತು ನಿಮಿಷ ಮಾತಾಡಿದ್ವಿ. ಏನು ಅಂತ ಹೇಳಲ್ಲ, ನಿಮಗೆ ಮುಜುಗರ ಆಗುತ್ತೆ.

ಆಮೇಲೆ ವಿಷಯಕ್ಕೆ ಬಂದ್ರು. ಅಣ್ಣನ ಮಗನಿಗೆ ಅಡ್ರೆಸ್ ಕೊಡಲ್ಲ ಅಂದ್ರಂತೆ. ಅವನು ಹೊರಗಿನವನಾಗಿ ಅರ್ಜಿ ಹಾಕ್ಬೇಕು, ಅವರ ಮನೇಲಿ ಯಾರೂ ಯಾವತ್ತೂ ಹೊರಗಿನವ್ರಾಗಿ ಅರ್ಜಿ ಹಾಕಿಲ್ಲ. "ನಿನಗೆ ಹತ್ತು ವರ್ಷದ ಅನುಭವ ಇದೆ. ಹೇಳ್ಕೊಡ್ತೀಯಾ?" ಅಂದ್ರು.

ಮೇಡಂ, ಆ ಹತ್ತು ಚೀಟಿಗೆ ಕೈ ಚಾಚೋರಲ್ಲಿ ಇನ್ನೊಬ್ಬ. ಬೇರೆ ಯಾರು ಕೇಳಿದ್ರೂ ಕೆಲಸ ಇದೆ ಅಂತಿದ್ದೆ. ಆದ್ರೆ ನಾಲ್ಕು ವಾರದ ಹಿಮ ಕಣ್ಣ ಮುಂದೆ ಬಂತು, ಹೂಂ ಅಂದೆ. ಆ ಹುಡುಗನ ಜೊತೆ ಒಂದು ಗಂಟೆ ಫೋನಲ್ಲಿ ಕೂತು, ಎರಡು ಅರ್ಜಿ ಇರುತ್ತೆ, ಯಾವುದು ಮೊದಲು, ಎಲ್ಲಿ ಜನ ತಪ್ತಾರೆ, ಎಲ್ಲ ಹೇಳ್ಕೊಟ್ಟೆ. ಅವನ ಫಾರಂ ಅಳತೆ ಮಾಡಿ ಪಾಸ್ ಮಾಡಿದ್ದು ನಾನೇ.

ನಿನ್ನೆ ರಿಸಲ್ಟ್ ಬಂತು. ನನಗಿಲ್ಲ. ಹತ್ತು ನಿಮಿಷಕ್ಕೆ ಟೆಕ್ಸಾಸಿಂದ ಫೋನು. ಅವನಿಗೆ ಬಂದಿದೆ. ಮೊದಲನೇ ಸಲಕ್ಕೇ. ಪಾಪ, ಸಾರಿ ಸಾರಿ ಅಂತಾನೆ, ಏನೋ ಕದ್ದವನ ಥರ. ಕದ್ದಿಲ್ಲಪ್ಪ, ನಿಂದೇ ಅದು ಅಂದೆ. ಹೇಳಿ ಬೇಗ ಫೋನ್ ಇಟ್ಟೆ, ಸುಳ್ಳು ಹೇಳಲ್ಲ.

ಅಪ್ಪ ಸೋಫಾ ಮೇಲಿದ್ರು. "ಯಾರಿಗ ಬಂತಲೇ?" ಅಂದ್ರು. ನಾನು ಅರ್ಜಿ ತುಂಬಿಸಿಕೊಟ್ಟವನಿಗೆ ಅಂದೆ. "ಹೊಟ್ಟಿ ಉರೀಲಿಕತ್ತದೇನು?" ಉರೀತದಪ್ಪ ಅಂದೆ. ನಿನಗೊಂದ್ಸಲ ತೋರಿಸಬೇಕು ಅಂತಿತ್ತು, ನಾನು ಹೊಡೆಯೋದನ್ನ ಅಂದೆ.

"ಹೊಡೆದದ್ದು ಬಾಳ ನೋಡೀನಿ ತಮ್ಮಾ, ಸಣ್ಣಾವಿದ್ದಾಗಿಂದ" ಅಂದ್ರು. "ಅದು ನಿಂತದ್ದು ನೋಡಬೇಕಾಗೇದ ನನಗ. ಅದಕ್ಕ ಚೀಟಿ ಬೇಕೇನು?"

ಬೇಡ ಮೇಡಂ. ಅದಕ್ಕೆ ಯಾವ ರಾಜ್ಯದಲ್ಲೂ ಚೀಟಿ ಬೇಡ. ಏನು ನೋಡ್ಬೇಕು ಅಂತ ಜನವರಿಯಿಂದ ನಾನು ಅವರನ್ನ ಒಂದ್ಸಲಾನೂ ಕೇಳಿರ್ಲಿಲ್ಲ.

ಅಕ್ಟೋಬರ್‌ಗೆ ಕಾಯಲ್ಲ. ಮೇ ತಿಂಗಳಲ್ಲೇ ಅಪ್ಪನ್ನ ಕರ್ಕೊಂಡು ಬರ್ತೀನಿ, ಕಣ್ಣಿರೋವಾಗ್ಲೇ. ಆ ಟೆಕ್ಸಾಸ್ ಹುಡುಗ ಊರು ಬಿಟ್ಟು ನಾಲ್ಕು ವರ್ಷ ಆಗಿದೆ, ಬೆಳಗಿನ ಜಾವ ಆ ದಿಣ್ಣೆ ಮೇಲೆ ಎಲ್ಕಿಗೆ ನಮ್ಮ ವಾಸನೆ ಒಯ್ಯೋ ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ಮರ್ತಿದೀನಿ ಅಂತಾನೆ. ನನಗೂ ಸರಿಯಾಗಿ ಗೊತ್ತಿಲ್ಲ. ನೀವು ಬರೆದು ಕಳಿಸಿ, ಅವನಿಗೆ ಹೇಳ್ತೀನಿ.